ಷರತ್ತು ಬರೆಸುವವರು ಯಾರು?

ಜೇವರ್ಗಿ ತಾಲೂಕಿನ ಕೊಳಕೂರದ ರೈತ ತೊಗರಿ ಮಾರಲು ಅಡತಿ ಅಂಗಡಿಗೆ ಹೋದರೆ ಅವನ ಕೈಗೆ ಒಂದು ಪಟ್ಟಿ ಬರಬೇಕು. ತೂಕ ಎಷ್ಟು, ದರ ಎಷ್ಟು, ಹಿಡಿದದ್ದು ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. 1966ರ ಕರ್ನಾಟಕ ಕೃಷಿ ಮಾರುಕಟ್ಟೆ ಕಾಯ್ದೆಯ ಪ್ರಕಾರ ದಲ್ಲಾಳಿಯ ಕಮಿಷನ್ನನ್ನು ಖರೀದಿದಾರ ಕೊಡಬೇಕೇ ಹೊರತು ರೈತನಿಂದ ಹಿಡಿಯುವಂತಿಲ್ಲ. ಈ ನಿಯಮ ಮುರಿಯುವ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಮುರಿದರು ಎಂದು ಹೇಳಲಿಕ್ಕಾದರೂ ಒಂದು ನಿಯಮವಿದೆ.

ಇದೇ ಸೀಮೆಯ ಹುಡುಗನೊಬ್ಬ ಕಲಬುರಗಿಗೆ ಹೋಗಿ ತಹರಿ, ಬಿರಿಯಾನಿಯ ಸಣ್ಣ ಹೋಟೆಲ್ ಹಾಕಿದನೆನ್ನಿ. ಆ್ಯಪ್ ಮೂಲಕ ಮನೆಮನೆಗೆ ಊಟ ತಲುಪಿಸುವ ಕಂಪೆನಿಯ ಪ್ರತಿನಿಧಿ ಬಂದು 'ಶೇಕಡಾ 25, ಅಷ್ಟೇ' ಎನ್ನುತ್ತಾನೆ. ಮೊಬೈಲಿನಲ್ಲಿ ಇಂಗ್ಲಿಷಿನ ಪುಟಗಳು ಒಂದರ ಹಿಂದೊಂದು ಬರುತ್ತವೆ. ಹುಡುಗ ಕೊನೆಯಲ್ಲಿ ಬೆರಳೊತ್ತುತ್ತಾನೆ. ಅಲ್ಲಿಗೆ ಒಪ್ಪಂದವಾಯಿತು!

ಆ 25 ಯಾವುದರ ಮೇಲೆ? ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 300 ರೂಪಾಯಿಯ ಊಟಕ್ಕೆ 60 ರೂಪಾಯಿ ರಿಯಾಯಿತಿ, ಅದೂ ಹೋಟೆಲಿನವನ ಗಂಟಿನಿಂದ. ಗಿರಾಕಿ ಕೊಡುವುದು 240. ಕಮಿಷನ್ ಆ 240ರ ಮೇಲಾದರೆ 60 ರೂಪಾಯಿ, ಮೂಲ ಬೆಲೆಯ ಮೇಲಾದರೆ 75. ಕಮಿಷನ್ನಿನ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಆ 18ರಲ್ಲಿ ಒಂದು ಪೈಸೆಯೂ ಜಮೆಯಾಗಿ ಸಿಗುವುದಿಲ್ಲ. ಕೊನೆಗೆ ಒಂದು ಲೆಕ್ಕದಲ್ಲಿ ಕೈಗೆ 169 ರೂಪಾಯಿ 20 ಪೈಸೆ, ಇನ್ನೊಂದರಲ್ಲಿ 151 ರೂಪಾಯಿ 50 ಪೈಸೆ. ಒಂದೇ ಊಟಕ್ಕೆ 17 ರೂಪಾಯಿ 70 ಪೈಸೆಯ ಅಂತರ! 'ಶೇಕಡಾ 25' ಎಂಬ ಮಾತು ಮಾತ್ರ ಎರಡರಲ್ಲೂ ಒಂದೇ. ಜಾಹೀರಾತಿನ ಹಣ, ರದ್ದಾದ ಆರ್ಡರಿನ ನಷ್ಟ, ಬಿಲ್ಲಿಂಗ್ ಸಾಫ್ಟ್‌ವೇರಿನ ವಾರ್ಷಿಕ ಬಾಡಿಗೆ ಇವನ್ನು ನಾವಿನ್ನೂ ಸೇರಿಸಿಲ್ಲ. ಅಕ್ಕಿ, ಮಾಂಸ, ಗ್ಯಾಸ್, ಅಡುಗೆಯವನ ಸಂಬಳ ಎಲ್ಲವೂ ಆ 151ರಲ್ಲೇ ಹುಟ್ಟಬೇಕು.

'ಬೇಡವಾದರೆ ಬಿಡಿ, ಒತ್ತಾಯಿಸಿದವರಾರು?' ಎನ್ನುವ ಪಂಡಿತರಿದ್ದಾರೆ. ದೇಶದ ಈ ವ್ಯಾಪಾರದ ಬಹುಪಾಲು ಸ್ವಿಗ್ಗಿ ಮತ್ತು ಝೊಮ್ಯಾಟೊ ಎಂಬ ಎರಡೇ ಹೆಸರುಗಳ ಕೈಯಲ್ಲಿರುವಾಗ ಬಿಡುವುದೆಂದರೆ ಗಿರಾಕಿಯನ್ನೇ ಬಿಟ್ಟಂತೆ. ಅವನ ಫೋನ್ ನಂಬರು, ವಿಳಾಸ ಇರುವುದೂ ಆ್ಯಪ್‌ನ ಬಳಿಯೇ. ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘಟನೆ 2021ರಲ್ಲಿ ದೂರು ಕೊಟ್ಟ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2022ರ ಏಪ್ರಿಲ್‌ನಲ್ಲಿ ಈ ಎರಡೂ ಕಂಪೆನಿಗಳ ಮೇಲೆ ತನಿಖೆಗೆ ಆದೇಶಿಸಿತು. ಬೇರೆಡೆ ಇದಕ್ಕಿಂತ ಅಗ್ಗವಾಗಿ ಮಾರಬಾರದು ಎಂಬಂಥ ಷರತ್ತುಗಳೂ ಅದರಲ್ಲಿ ಪ್ರಶ್ನೆಗೆ ಬಂದವು. ಮುಕ್ತ ಮಾರುಕಟ್ಟೆಯ ತವರಾದ ಅಮೆರಿಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ನಗರವು 2020ರಲ್ಲಿ, ಕೊರೋನಾ ಕಾಲದಲ್ಲಿ, ಇಂಥ ಕಮಿಷನ್ನಿಗೆ ಶೇಕಡಾ 15ರ ಮಿತಿ ಹಾಕಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆ್ಯಪ್ ಇರಲೇಬಾರದೆಂಬ ವಾದ ನಮ್ಮದಲ್ಲ. ಊಟ ಹೊತ್ತು ತರುವುದು ದುಡಿಮೆ, ಅದಕ್ಕೆ ಬೆಲೆ ಕೊಡಬೇಕು. ನಮ್ಮ ತಕರಾರು ಷರತ್ತು ಬರೆಸುವ ರೀತಿಯ ಬಗ್ಗೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದೆಂದು ಬಲ್ಲಿರಾ? ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ಕರಾರುಪತ್ರ. ಕರಾರನ್ನು ಬರೆಸಬೇಕಾದವನು ಹಣ ಪಡೆಯಬೇಕಾದ ಧಣಿಯಲ್ಲ, ಕೊಡುವ ಹೊಣೆ ಹೊತ್ತವನು. ಅವನಿಗೆ ಬರೆಸುವ ಶಕ್ತಿಯಿಲ್ಲದಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಬರೆಸಬೇಕು. ಇಂದು ಎಲ್ಲವೂ ತಲೆಕೆಳಗು. ಹಣ ಹಿಡಿಯುವವನೇ ಬರೆಸುತ್ತಾನೆ, ಒಂದು ಇಮೇಲ್ ಕಳಿಸಿ ತಾನೇ ತಿದ್ದುತ್ತಾನೆ.

ಈ ಹುಡುಗನ ಪರ ನಿಲ್ಲುವ ಪೋಷಕ ಯಾರು? ಮಾಂಸ ಹಲಾಲೇ ಎಂದು ಹತ್ತು ಸಲ ವಿಚಾರಿಸುವ ನಮ್ಮ ಜಮಾಅತ್‌ಗಳು ಅದೇ ಬಿರಿಯಾನಿಯ ಕರಾರಿನಲ್ಲಿ ಅನ್ಯಾಯವಿದೆಯೇ ಎಂದು ಒಮ್ಮೆಯಾದರೂ ಕೇಳಿವೆಯೇ? ಮಸೀದಿ ಸಮಿತಿಗಳಲ್ಲಿ ವಕೀಲರಿದ್ದಾರೆ, ತೆರಿಗೆ ಸಲಹೆಗಾರರಿದ್ದಾರೆ. ಜುಮಾ ನಮಾಝಿನ ನಂತರ ಅರ್ಧ ಗಂಟೆ ಕುಳಿತು ಆ ಪುಟಗಳನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಹೇಳಲು ಅವರಿಗೇನು ಅಡ್ಡಿ? ಹಿಂದೂ ಖಾನಾವಳಿಯವನೂ ಬಂದು ಕೂರಲಿ, ಅವನಿಗೆ ಬರುವ ಪುಟಗಳೂ ಇವೇ.

ಸರಕಾರದ ಹೊಣೆ ಇದಕ್ಕಿಂತ ದೊಡ್ಡದು. ಊಟ ತಲುಪಿಸುವ ಬೈಕಿನ ಹುಡುಗರಿಗಾಗಿ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕರಾರು ಸರಳ ಭಾಷೆಯಲ್ಲಿರಬೇಕು, ಷರತ್ತು ಬದಲಿಸುವ ಮುನ್ನ 14 ದಿನ ಮೊದಲೇ ತಿಳಿಸಬೇಕು ಎಂದು ಅದರಲ್ಲಿದೆ. ಊಟ ಹೊರುವವನಿಗೆ ಸಿಕ್ಕ ಈ ರಕ್ಷಣೆ ಅದನ್ನು ಬೇಯಿಸುವವನಿಗೇಕಿಲ್ಲ? ಸಣ್ಣ ಹೋಟೆಲುಗಳ ಒಪ್ಪಂದ ಕನ್ನಡದಲ್ಲಿರಲಿ. ಕಮಿಷನ್ನಿಗೆ ಮಿತಿಯಿರಲಿ, ಅದು ಗಿರಾಕಿ ನಿಜವಾಗಿ ಕೊಟ್ಟ ಹಣದ ಮೇಲಷ್ಟೇ ಬೀಳಲಿ. ವಾರವಾರದ ಲೆಕ್ಕ ಅಡತಿ ಅಂಗಡಿಯ ಪಟ್ಟಿಯಂತೆ ಸಾಲುಸಾಲಾಗಿ ಕೈಗೆ ಬರಲಿ. ಕಲ್ಯಾಣ ಕರ್ನಾಟಕದ ಶಾಸಕರು ಮುಂದಿನ ಅಧಿವೇಶನದಲ್ಲಿ ಇಷ್ಟನ್ನಾದರೂ ಕೇಳಬೇಕೆಂಬುದು ನಮ್ಮ ಆಗ್ರಹ.