ಹಾಜರಿ ಪುಸ್ತಕದಲ್ಲಿ ಮುಗಿದುಹೋಗುವ ತರಬೇತಿ

ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್ ಎಂಬಲ್ಲಿ 2020ರ ಮೇ 27ರ ಬೆಳಿಗ್ಗೆ ಆಯಿಲ್ ಇಂಡಿಯಾ ಸಂಸ್ಥೆಯ ಐದನೆಯ ಬಾವಿ ಅಂಕೆ ತಪ್ಪಿತು. ಭೂಗರ್ಭದ ಅನಿಲವು ಆಕಾಶಕ್ಕೆ ಚಿಮ್ಮತೊಡಗಿ, ಜೂನ್ 9ರಂದು ಅದಕ್ಕೆ ಬೆಂಕಿ ಹೊತ್ತಿಕೊಂಡಿತು. ಅದನ್ನು ಪೂರ್ಣವಾಗಿ ಅಡಗಿಸುವ ಹೊತ್ತಿಗೆ ನವೆಂಬರ್ 15 ಆಗಿತ್ತು. ಹತ್ತಿರದಲ್ಲಿಯೇ ಡಿಬ್ರು–ಸೈಖೋವಾ ರಾಷ್ಟ್ರೀಯ ಉದ್ಯಾನವಿದೆ. ಮಗ್ಗುಲಲ್ಲಿ ಮಗುರಿ–ಮೋಟಾಪುಂಗ್ ಎಂಬ ಜೌಗು ಸರೋವರವಿದೆ. ಸತ್ತ ಡಾಲ್ಫಿನ್, ಎಣ್ಣೆಯ ಪೊರೆ ಹೊದ್ದ ನೀರು, ಸುಟ್ಟು ಕರಕಲಾದ ಮನೆಗಳು, ಪರಿಹಾರ ಶಿಬಿರಗಳಲ್ಲಿ ಕುಳಿತ ಸಾವಿರಾರು ಜನ – ಇವೆಲ್ಲವನ್ನೂ ದೇಶದ ಪರಿಸರಾಸಕ್ತರು ಆಗ ನೋಡಿದರು, ಬರೆದರು, ಮರುಗಿದರು. ಆದರೆ ಆ ಬಾವಿಯ ಬಾಯಿಯ ಬಳಿ ಅಂದು ಬೆಳಿಗ್ಗೆ ಕೆಲಸ ಮಾಡುತ್ತಿದ್ದವರಿಗೆ ಏನು ಕಲಿಸಲಾಗಿತ್ತು, ಏನು ಕಲಿಸಿರಲಿಲ್ಲ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕಾರ್ಮಿಕರ ಸುರಕ್ಷತೆ ಕಾರ್ಖಾನೆಯ ಗೋಡೆಯ ಒಳಗಿನ ಸಂಗತಿ, ಪರಿಸರ ಗೋಡೆಯ ಹೊರಗಿನದು ಎಂಬ ವಿಭಜನೆ ಚಳವಳಿಗಳ ಮನಸ್ಸಿನಲ್ಲಿಯೂ ಬೇರೂರಿದೆ. ಬಾಘ್‌ಜಾನಿನಲ್ಲಿ ಆ ಗೋಡೆ ಎಲ್ಲಿತ್ತು?

ಅಲ್ಲಿ ನಡೆದದ್ದು ಅರ್ಥವಾಗದ ತಾಂತ್ರಿಕ ರಹಸ್ಯವೇನಲ್ಲ. ಉತ್ಪಾದನೆಯಲ್ಲಿದ್ದ ಬಾವಿಯೊಂದರ ದುರಸ್ತಿ ಕಾರ್ಯವನ್ನು ಗುತ್ತಿಗೆಗೆ ಕೊಡಲಾಗಿತ್ತು. ಇಂಥ ದುರಸ್ತಿಯ ವೇಳೆ ಬಾವಿಯ ಬಾಯಿಗೆ ಚಿಮ್ಮು–ನಿರೋಧಕ ಎಂಬ ಭಾರೀ ಕವಾಟವ್ಯವಸ್ಥೆಯನ್ನು ಕೂರಿಸಿರುತ್ತಾರೆ. ಒತ್ತಡ ಮೇಲೇರಿದರೆ ಬಾವಿಯ ಬಾಯಿ ಮುಚ್ಚುವ ಕಟ್ಟಕಡೆಯ ಸಾಧನ ಅದು. ಅದನ್ನು ತೆಗೆಯಬೇಕಾದರೆ ಮೊದಲು ಬಾವಿಯೊಳಗೆ ಸಿಮೆಂಟಿನ ಬೆಣೆ ಹಾಕಿ, ಅದು ಗಟ್ಟಿಯಾಗುವವರೆಗೆ ಕಾದು, ಒತ್ತಡ ಕೊಟ್ಟು ಪರೀಕ್ಷಿಸಿ, ಅನಂತರವಷ್ಟೇ ಮೇಲಿನ ಕವಾಟವನ್ನು ಕಳಚಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೇಮಿಸಿದ ನ್ಯಾಯಮೂರ್ತಿ ಬಿ.ಪಿ. ಕಾಟಕೇಯ್ ಅವರ ಸಮಿತಿ ಕಂಡುಕೊಂಡದ್ದು ಇದರ ತಿರುವು ಮುರುವನ್ನು: ಬೆಣೆ ಬಿಗಿಯಾಗಲು ಬೇಕಾದಷ್ಟು ಕಾಲ ಕಾಯದೆಯೇ ನಿರೋಧಕವನ್ನು ಕಳಚಲಾಗಿತ್ತು. ಯೋಜನೆಗೂ ಕಾರ್ಯಾಚರಣೆಗೂ ಹೊಂದಿಕೆಯಿರಲಿಲ್ಲ. ಗುತ್ತಿಗೆದಾರರ ಕಡೆಯಿಂದಲೂ ಮೂಲ ಸಂಸ್ಥೆಯ ಕಡೆಯಿಂದಲೂ ಅಂಥ ನಿರ್ಣಾಯಕ ಹೊತ್ತಿನಲ್ಲಿ ಇರಬೇಕಾದ ಮೇಲ್ವಿಚಾರಣೆ ಇರಲಿಲ್ಲ.

ಮನೆಯ ತಾರಸಿಗೆ ಕಾಂಕ್ರೀಟು ಸುರಿದ ಹಳ್ಳಿಯ ಮೇಸ್ತ್ರಿಯೂ ಮರುದಿನವೇ ಕೆಳಗಿನ ಹಲಗೆ ತೆಗೆಯುವುದಿಲ್ಲ. ಸಿಮೆಂಟು ಗಟ್ಟಿಯಾಗಲು ಕಾಯಬೇಕೆಂಬುದು ಬಾಘ್‌ಜಾನಿನಲ್ಲಿದ್ದ ಒಬ್ಬರಿಗೂ ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ. ತಿಳಿದಿದ್ದರೆ, ಆ ತಿಳಿವು ಬಾಯಿಗೆ ಬರದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಏಕೆ? ಸುರಕ್ಷತಾ ತರಬೇತಿಯ ನಿಜವಾದ ಪ್ರಶ್ನೆ ಇದು. ಶಿರಸ್ತ್ರಾಣ ಧರಿಸಿ, ಪಾದರಕ್ಷೆ ಧರಿಸಿ, ಬೀಡಿ ಸೇದಬೇಡಿ ಎಂದು ಹೇಳಿ, ಹಾಜರಿ ಪುಸ್ತಕದಲ್ಲಿ ಸಹಿ ಪಡೆಯುವುದಕ್ಕೆ ಅರ್ಧ ದಿನ ಸಾಕು. ದಿನಗೂಲಿಯ ಮೇಲಿರುವ ಗುತ್ತಿಗೆ ಕಾರ್ಮಿಕನೊಬ್ಬ ತನ್ನ ಮೇಸ್ತ್ರಿಯ ಎದುರು ನಿಂತು "ಇದನ್ನು ಈಗ ತೆಗೆಯಬಾರದು" ಎನ್ನುವಂತಾಗಲು ಎಷ್ಟು ದಿನ ಬೇಕು, ಮತ್ತು ಹಾಗೆ ಅಂದ ಮರುದಿನವೂ ಅವನ ಕೆಲಸ ಉಳಿದಿರುತ್ತದೆಂಬ ಭರವಸೆಯನ್ನು ಯಾರು ಕೊಡಬೇಕು ಎಂಬುದು ಯಾವ ಪಠ್ಯಕ್ರಮದಲ್ಲಿಯೂ ಕಾಣಸಿಗುವುದು ಅಪರೂಪ.

ಈ ಉದ್ಯಮಕ್ಕೆ ಪಾಠ ಹೊಸದಲ್ಲ. 1988ರ ಜುಲೈ 6ರ ರಾತ್ರಿ ಸ್ಕಾಟ್ಲೆಂಡಿನ ಕರಾವಳಿಯಾಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಉರಿದು 167 ಮಂದಿ ಸತ್ತರು. ಅವರಲ್ಲಿ ಇಬ್ಬರು ರಕ್ಷಿಸಲು ಬಂದ ದೋಣಿಯವರು. ವೇದಿಕೆಯ ಮೇಲಿದ್ದ 226 ಜನರಲ್ಲಿ ಬದುಕಿದವರು 61. ಎರಡು ಪಂಪುಗಳಲ್ಲಿ ಒಂದನ್ನು ಅಂದು ಹಗಲು ದುರಸ್ತಿಗೆಂದು ನಿಲ್ಲಿಸಿ, ಅದರ ಒತ್ತಡ ನಿವಾರಕ ಕವಾಟವನ್ನು ಕಳಚಿ ಒಯ್ದಿದ್ದರು. ಕವಾಟವಿದ್ದ ಜಾಗಕ್ಕೆ ಒಂದು ಲೋಹದ ಬಿಲ್ಲೆಯನ್ನು ಕೂರಿಸಿದ್ದರು, ಅಷ್ಟೆ. ಪಂಪಿನ ದುರಸ್ತಿಗೆ ಒಂದು ಪರವಾನಗಿ ಚೀಟಿ, ಕವಾಟದ ಕೆಲಸಕ್ಕೆ ಇನ್ನೊಂದು ಚೀಟಿ. ಪಾಳಿ ಬದಲಾದಾಗ ಕವಾಟದ ವಿಷಯ ಮಾತಿನಲ್ಲಿ ದಾಟಲಿಲ್ಲ. ರಾತ್ರಿ ಎರಡನೆಯ ಪಂಪು ಕೈಕೊಟ್ಟಿತು. ಉತ್ಪಾದನೆ ನಿಲ್ಲಬಾರದೆಂಬ ಆತುರದಲ್ಲಿ ರಾತ್ರಿ ಪಾಳಿಯವರು, ಕೈಗೆ ಸಿಕ್ಕ ಒಂದೇ ಚೀಟಿಯನ್ನು ನಂಬಿ, ಮೊದಲನೆಯದನ್ನು ಚಾಲೂ ಮಾಡಿದರು. ಬಿಲ್ಲೆಯ ಸಂದಿನಿಂದ ಅನಿಲ ಸೋರಿತು. ಮುಂದಿನದು ಕೆಲವೇ ನಿಮಿಷಗಳ ಕಥೆ.

ಎರಡು ತುಂಡು ಕಾಗದ ಒಂದೇ ಮೇಜಿನ ಮೇಲೆ ಇರಲಿಲ್ಲವೆಂಬ ಕಾರಣಕ್ಕೆ ಅಷ್ಟು ಜನ ಸತ್ತರೆಂದರೆ ಅತಿಶಯೋಕ್ತಿ ಎನಿಸಬಹುದು. ವಾಸ್ತವವು ಅದಕ್ಕಿಂತ ಹೆಚ್ಚು ದೂರವಿಲ್ಲ. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ 106 ಶಿಫಾರಸುಗಳನ್ನು ಮುಂದಿಟ್ಟರು. ಪರವಾನಗಿ ಚೀಟಿಯ ಪದ್ಧತಿ ಬರಹದಲ್ಲಿ ಇತ್ತು. ಅದನ್ನು ಬಳಸುವವರಿಗೆ ಕ್ರಮಬದ್ಧವಾದ ತರಬೇತಿ ಇರಲಿಲ್ಲ. ಹಿರಿಯರನ್ನು ನೋಡಿ ಕಿರಿಯರು ಕಲಿತರು, ಹಿರಿಯರ ಅಡ್ಡದಾರಿಗಳನ್ನೂ ಕಲಿತರು. ಇನ್ನೂ ಕಟುವಾದ ಸಂಗತಿಯೊಂದಿದೆ. ಅವಘಡವಾದರೆ ವಸತಿ ಕಟ್ಟಡದಲ್ಲಿ ಸೇರಿ ಹೆಲಿಕಾಪ್ಟರಿಗಾಗಿ ಕಾಯಬೇಕೆಂಬುದು ಆ ವೇದಿಕೆಯವರಿಗೆ ಇದ್ದ ಸೂಚನೆ. ಅನೇಕರು ಹಾಗೆಯೇ ಮಾಡಿದರು. ಹೊಗೆ ತುಂಬಿದ ಆ ಕಟ್ಟಡದೊಳಗೆ ಆದೇಶಕ್ಕಾಗಿ ಕಾಯುತ್ತಲೇ ಸತ್ತರು. ಬದುಕಿದವರಲ್ಲಿ ಬಹಳಷ್ಟು ಮಂದಿ ಸೂಚನೆಯನ್ನು ಮೀರಿ, ಹಗ್ಗ ಹಿಡಿದು ಇಳಿದೋ ಎತ್ತರದಿಂದ ಕಡಲಿಗೆ ಹಾರಿಯೋ ಪಾರಾದವರು. ತಪ್ಪು ತರಬೇತಿಯನ್ನು ಶ್ರದ್ಧೆಯಿಂದ ಪಾಲಿಸಿದವನಿಗೆ ಅದು ತರಬೇತಿಯೇ ಇಲ್ಲದ ಸ್ಥಿತಿಗಿಂತಲೂ ಅಪಾಯಕಾರಿಯಾಗಬಲ್ಲದು ಎಂಬುದನ್ನು, ತರಬೇತಿ ಪಡೆದವರ ಸಂಖ್ಯೆಯನ್ನೇ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಮುದ್ರಿಸುವವರು ಒಮ್ಮೆ ಯೋಚಿಸಬೇಕು.

ಭಾರತದಲ್ಲಿ ನಿಯಮಗಳ ಕೊರತೆಯಿದೆಯೆಂದು ಯಾರೂ ದೂರಲಾರರು. ಭೋಪಾಲದ ನಂತರ, 1986ರಲ್ಲಿ, ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ ಹುಟ್ಟಿಕೊಂಡಿತು. ಒಎನ್‌ಜಿಸಿ 1989ರಲ್ಲಿ ಗೋವೆಯಲ್ಲಿ ಸುರಕ್ಷತೆ ಮತ್ತು ಪರಿಸರ ನಿರ್ವಹಣೆಗೆಂದೇ ಒಂದು ಸಂಸ್ಥೆ ಕಟ್ಟಿತು. ಗಣಿ ಕಾರ್ಮಿಕರ ವೃತ್ತಿ ತರಬೇತಿಗೆ 1966ರಷ್ಟು ಹಿಂದೆಯೇ ನಿಯಮಾವಳಿ ಬಂತು. ತೈಲ ಗಣಿಗಳ ನಿಬಂಧನೆಗಳನ್ನು 2017ರಲ್ಲಿ ಹೊಸದಾಗಿ ಬರೆಯಲಾಯಿತು. ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಹೀಗಿದ್ದೂ, 1997ರಲ್ಲಿ ವಿಶಾಖಪಟ್ಟಣದ ತೈಲಾಗಾರ, 2005ರಲ್ಲಿ ಬಾಂಬೆ ಹೈ ವೇದಿಕೆ, 2009ರಲ್ಲಿ ಜೈಪುರದ ಇಂಧನ ಸಂಗ್ರಹಾಗಾರ, 2013ರಲ್ಲಿ ಮತ್ತೆ ವಿಶಾಖಪಟ್ಟಣ – ಪಟ್ಟಿ ಬೆಳೆಯುತ್ತಲೇ ಹೋಯಿತು. ನಿಯಮವು ಖಾಯಂ ನೌಕರನವರೆಗೆ ಹೇಗೋ ತಲುಪುತ್ತದೆ. ಗುತ್ತಿಗೆ, ಒಳಗುತ್ತಿಗೆ, ಅದರೊಳಗಿನ ಮೇಸ್ತ್ರಿ ಎಂಬ ಮೆಟ್ಟಿಲುಗಳನ್ನಿಳಿದು, ಬೇರೆ ರಾಜ್ಯದಿಂದ ಬಂದು ಬೇರೆ ಭಾಷೆಯಾಡುವ ಹಂಗಾಮಿ ಕೂಲಿಯ ಕಿವಿಗೆ ಬೀಳುವಷ್ಟರಲ್ಲಿ ಅದರಲ್ಲಿ ಉಳಿದಿರುವುದು ಬಹುಮಟ್ಟಿಗೆ ಒಂದು ಹೆಬ್ಬೆಟ್ಟಿನ ಗುರುತು ಮಾತ್ರ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. 2025ರ ಜುಲೈ 12ರಂದು ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದಲ್ಲಿ ಸೋರಿದ ವಿಷಾನಿಲ ಸೇವಿಸಿ ಇಬ್ಬರು ಸಿಬ್ಬಂದಿ ಸಾವಿಗೀಡಾದರು. ನೆರವಿಗೆ ಧಾವಿಸಿದ ಇನ್ನೊಬ್ಬರೂ ಅಸ್ವಸ್ಥರಾದರು. ಹೈಡ್ರೋಜನ್ ಸಲ್ಫೈಡ್ ಎಂದು ವರದಿಯಾದ ಆ ಅನಿಲದ ಗುಣವನ್ನು ತಿಳಿದವರಿಗೆ ಆ ಮೂರನೆಯವರ ಸುದ್ದಿ ಹೆಚ್ಚು ಕಳವಳ ತರುವಂಥದು. ಅಲ್ಪ ಪ್ರಮಾಣದಲ್ಲಿ ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದ ಆಸುಪಾಸಿಗೆ ಏರಿದರೆ ಮೂಗು ಮರಗಟ್ಟಿ ವಾಸನೆಯೇ ಇಲ್ಲದಂತಾಗುತ್ತದೆ. ಅಪಾಯ ಹೆಚ್ಚಿದ ಕ್ಷಣದಲ್ಲಿಯೇ ಅಪಾಯ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಸಾವಿರ ಭಾಗದ ಹತ್ತಿರ ಬಂದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಕುಸಿದವನನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಓಡಿದ ಗೆಳೆಯನೂ ಅವನ ಪಕ್ಕದಲ್ಲಿ ಬೀಳುತ್ತಾನೆ. ಮಲೆನಾಡಿನ ಹಳೆಯ ಬಾವಿಗಳಿಗೂ ಪಟ್ಟಣದ ಮಲಗುಂಡಿಗಳಿಗೂ ಒಬ್ಬರ ಹಿಂದೊಬ್ಬರು ಇಳಿದು ಸತ್ತವರ ಸುದ್ದಿ ಓದಿದವರಿಗೆ ಈ ಸರಪಳಿ ಅಪರಿಚಿತವಲ್ಲ. ಬಿದ್ದ ಗೆಳೆಯನತ್ತ ಓಡದೆ, ಬೆನ್ನು ತಿರುಗಿಸಿ ಮುಖವಾಡ ತರಲು ಹೋಗುವುದು ಸಹಜ ಕರುಣೆಗೆ ವಿರುದ್ಧವಾದ ನಡೆ. ಅದನ್ನು ಭಿತ್ತಿಪತ್ರ ಕಲಿಸಲಾರದು; ಮೈಗೆ ಹತ್ತುವವರೆಗೆ ಮತ್ತೆ ಮತ್ತೆ ಮಾಡಿದ ಅಭ್ಯಾಸವೊಂದೇ ಕಲಿಸಬಲ್ಲದು.

ತೈಲಾಗಾರದ ಗೇಟಿನಾಚೆಗೂ ಇದೇ ಕೆಲಸ ಮುಂದುವರಿಯುತ್ತದೆ. ಅಡುಗೆ ಅನಿಲ ಹೊತ್ತ ಟ್ಯಾಂಕರುಗಳು ಮಂಗಳೂರಿನಿಂದ ಶಿರಾಡಿಯ ಘಟ್ಟವೇರುತ್ತವೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರು ಮಗುಚಿ, ಹರಡಿದ ಅನಿಲಕ್ಕೆ ಬೆಂಕಿ ತಗುಲಿ, ರಸ್ತೆಬದಿಯ ಮನೆಗಳಲ್ಲಿದ್ದವರು ಜೀವ ತೆತ್ತರು. ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದಂತೆ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಬೇಕಾದದ್ದು ಮೂರು ದಿನಗಳ ತರಬೇತಿ. ಘಟ್ಟದ ತಿರುವು, ಮಳೆಗಾಲದ ಮಂಜು, ತೊನೆಯುವ ದ್ರವದ ಭಾರ, ನಿದ್ದೆಗೆಟ್ಟ ಕಣ್ಣು – ಇಷ್ಟಕ್ಕೆಲ್ಲ ಮೂರು ದಿನ. 2016ರಲ್ಲಿ ಮಂಗಳೂರು–ಹಾಸನ–ಮೈಸೂರು–ಸೋಲೂರು ಕೊಳವೆಮಾರ್ಗ ಬಂದ ಮೇಲೆ ರಸ್ತೆಯ ಭಾರ ಕೊಂಚ ಇಳಿದಿರಬಹುದು; ಆದರೆ ಕೊಳವೆಯೂ ಹಾದುಹೋಗುವುದು ಅದೇ ಘಟ್ಟದ ಒಡಲಲ್ಲಿಯೇ, ಅದರ ಮೇಲೆ ಗಸ್ತು ನಡೆಯುವವನೂ ಬಹುಶಃ ಗುತ್ತಿಗೆಯವನೇ. ಟ್ಯಾಂಕರು ಮಗುಚಿದಾಗ ಒಲೆ ಆರಿಸಬೇಕು, ವಾಹನ ಚಾಲೂ ಮಾಡಬಾರದು, ತಗ್ಗಿನತ್ತ ಓಡದೆ ಗಾಳಿಗೆ ಎದುರಾಗಿ ಏರಿನತ್ತ ಸಾಗಬೇಕು ಎಂಬಿಷ್ಟನ್ನು ಹೆದ್ದಾರಿಯ ಬದಿಯ ಶಾಲೆಗಳಲ್ಲಿ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೀರಿನಂತೆ ಹಳ್ಳ ಹಿಡಿದು ಹರಿಯುತ್ತದೆ, ಮತ್ತು ಮಲೆನಾಡಿನಲ್ಲಿ ಮನೆಗಳಿರುವುದು ಹೆಚ್ಚಾಗಿ ಹಳ್ಳದ ದಂಡೆಯಲ್ಲಿಯೇ.

ಹೊಸ ಯೋಜನೆಗಳ ಸಾರ್ವಜನಿಕ ಆಲಿಕೆಯಲ್ಲಿ ಕಾಡು, ನೀರು, ಪುನರ್ವಸತಿಗಳ ಬಗೆಗೆ ಪ್ರಶ್ನೆಗಳು ಏಳುತ್ತವೆ. ಅಪಾಯ ವಿಶ್ಲೇಷಣೆ ಮತ್ತು ವಿಪತ್ತು ನಿರ್ವಹಣೆಯ ಅಧ್ಯಾಯವನ್ನು ಮಾತ್ರ ಯಾರೂ ತೆರೆಯುವುದಿಲ್ಲ, ಅದು ತಂತ್ರಜ್ಞರ ಭಾಷೆಯೆಂಬ ಹಿಂಜರಿಕೆಯಿಂದ. ತೆರೆಯಬೇಕು. ಗುತ್ತಿಗೆ ಕಾರ್ಮಿಕರಿಗೆ ಎಷ್ಟು ಗಂಟೆಗಳ ತರಬೇತಿ, ಯಾವ ಭಾಷೆಯಲ್ಲಿ, ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ, ಕಳೆದ ವರ್ಷ ಎಷ್ಟು ಸಲ ನಿಲ್ಲಿಸಲಾಯಿತು – ಈ ನಾಲ್ಕು ಪ್ರಶ್ನೆಗಳಿಗೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಸೊನ್ನೆಯಾದರೆ, ಅದನ್ನು ಅಪಘಾತರಹಿತ ವರ್ಷದ ಹೆಗ್ಗಳಿಕೆಯೆಂದು ಓದಬಾರದು. ಬಾಯಿಗಳು ಮುಚ್ಚಿವೆಯೆಂದು ಓದಬೇಕು. ಕೇಳುವ ವೇದಿಕೆಯೂ ಕಿರಿದಾಗುತ್ತಿದೆಯೆಂಬುದು ಬೇರೆ ಮಾತು: 2020ರ ಜನವರಿ 16ರ ಅಧಿಸೂಚನೆ ತೈಲ ಮತ್ತು ಅನಿಲದ ಅನ್ವೇಷಣೆಯನ್ನು ಸಾರ್ವಜನಿಕ ಆಲಿಕೆಯಿಂದಲೇ ಹೊರಗಿಟ್ಟಿತು. ಬಾಘ್‌ಜಾನಿನ ಬಾವಿ ಅನ್ವೇಷಣೆಯದಲ್ಲ, ಉತ್ಪಾದನೆಯದು; ಆದ್ದರಿಂದ ಆ ಅಧಿಸೂಚನೆಯನ್ನು ಈ ದುರಂತದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದು ಬಂದ ನಾಲ್ಕೇ ತಿಂಗಳಲ್ಲಿ ಬಾವಿ ಸಿಡಿಯಿತೆಂಬುದನ್ನು ಮರೆಯುವುದೂ ಸಾಧ್ಯವಿಲ್ಲ.

ತರಬೇತಿಯೊಂದೇ ಸಾಕೆಂಬ ವಾದಕ್ಕೂ ಇಲ್ಲಿ ಎಡೆಯಿಲ್ಲ. ಅವಘಡವಾದೊಡನೆ "ಮಾನವ ದೋಷ" ಎಂದು ಷರಾ ಬರೆದು, ಬದುಕುಳಿದವರನ್ನು ಇನ್ನೊಂದು ತರಗತಿಗೆ ಕಳುಹಿಸಿ, ಸವೆದ ಕೊಳವೆಯನ್ನೂ ಕಡಿತಗೊಂಡ ನಿರ್ವಹಣಾ ವೆಚ್ಚವನ್ನೂ ಹಾಗೆಯೇ ಬಿಡುವುದು ಆಡಳಿತಗಳ ಹಳೆಯ ಉಪಾಯ. 2020ರ ಜೂನ್ 9ರಂದು ಬಾಘ್‌ಜಾನಿನ ಬಾವಿಗೆ ಬೆಂಕಿ ಹತ್ತಿದಾಗ ಸ್ಥಳದಲ್ಲಿದ್ದ ಆಯಿಲ್ ಇಂಡಿಯಾದ ಇಬ್ಬರು ಅಗ್ನಿಶಾಮಕರು ಕಾಣೆಯಾದರು. ಬೆಂಕಿಯ ಎದುರು ಹೇಗೆ ನಡೆದುಕೊಳ್ಳಬೇಕೆಂಬುದೇ ಅವರ ವೃತ್ತಿಯಾಗಿತ್ತು. ಅದನ್ನು ಕಲಿತೇ ಅವರು ಅಲ್ಲಿ ನಿಂತಿದ್ದರು. ಮರುದಿನ ಬಾವಿಯ ಸಮೀಪದ ನೀರಿನಲ್ಲಿ ಅವರ ಶವಗಳು ಸಿಕ್ಕವು.