ಗುಡ್ಡಗಾಡು ಓಟ: ಗುಡ್ಡ ಬೇಡ, ಮೆಡಲ್ ಮಾತ್ರ ಬೇಕು!

ಬಹಳ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ಬರೆದ್ರೆ ನನ್ನ ಜೊತೆ ಓಡೋ ಗೆಳೆಯರಿಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ದೆ. ಮೊನ್ನೆ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿ ಕಾಫಿ ಕುಡೀತಾ ನಿಂತಿದ್ದಾಗ ಒಬ್ಬರು, "ಕ್ರಾಸ್ ಕಂಟ್ರಿನಾ? ಅದೆಲ್ಲ ಸ್ಪೋರ್ಟ್ಸ್ ಹಾಸ್ಟೆಲ್ ಹುಡುಗರಿಗೆ ಮಾರಾಯಾ, ನಮ್ಮಂಥೋರಿಗಲ್ಲ" ಅಂದ್ರು. ಹಾಗಂದವರು ಆರು ಫುಲ್ ಮ್ಯಾರಥಾನ್ ಓಡಿದವರು! ಅವತ್ತೇ ತೀರ್ಮಾನ ಮಾಡಿದೆ, ಯಾರಿಗೆ ಬೇಜಾರಾದ್ರೂ ಪರವಾಗಿಲ್ಲ, ಬರೆದೇ ಬಿಡೋಣ ಅಂತ.

ಮೊದಲೇ ಹೇಳಿಬಿಡ್ತೀನಿ, ನಾನೇನೂ ಅಥ್ಲೀಟ್ ಅಲ್ಲ. ಇಂಜಿನಿಯರಿಂಗ್ ಮುಗಿಸಿ, ನಾಲ್ಕು ವರ್ಷ ಕುರ್ಚಿ ಮೇಲೆ ಕೂತು ಕೋಡ್ ಬರೆದು, ಹೊಟ್ಟೆ ಮುಂದೆ ಬಂದು, ಡಾಕ್ಟರ ಹತ್ರ ಬೈಸಿಕೊಂಡ ಮೇಲೆ ಓಡೋಕೆ ಶುರು ಮಾಡಿದವನು. ಹಾಫ್ ಮ್ಯಾರಥಾನ್ 1 ಗಂಟೆ 52 ನಿಮಿಷ. ಮನೆ ಗೋಡೆ ಮೇಲೆ ಹನ್ನೊಂದು ಮೆಡಲ್ ನೇತಾಡ್ತಿವೆ. ಬೀರು ತೆಗೆದ್ರೆ ಬರೀ ರೇಸ್ ಟೀ ಶರ್ಟುಗಳು. ಅಮ್ಮ ಅದರಲ್ಲಿ ಒಂದನ್ನ ಈಗಾಗಲೇ ನೆಲ ಒರೆಸೋಕೆ ಹಾಕ್ಕೊಂಡಿದಾರೆ :-)

ಹಾಗಾಗಿ ಇಲ್ಲಿ ಬೈಯೋದೆಲ್ಲ ಮೊದಲು ನನಗೇ.

ಹೋದ ವರ್ಷ ಡಿಸೆಂಬರಲ್ಲಿ ನಮ್ಮೂರ ಕಡೆಯ ಒಂದು ತಾಲೂಕು ಕೇಂದ್ರದಲ್ಲಿ ಗುಡ್ಡಗಾಡು ಓಟ ಇದೆ, ಯಾರು ಬೇಕಾದ್ರೂ ಓಡಬಹುದು ಅಂತ ಗೊತ್ತಾಯ್ತು. ಪ್ರವೇಶ ಶುಲ್ಕ 50 ರೂಪಾಯಿ. ಆಫೀಸಿನಿಂದ ನಾಲ್ಕು ಜನ ಹೆಸರು ಕೊಟ್ವಿ. ಹಿಂದಿನ ರಾತ್ರಿ ನಾಲ್ಕನೆಯವನು ಫೋನ್ ಮಾಡಿ, "ಕೋಚ್ ಪ್ಲಾನಲ್ಲಿ ನಾಳೆ ಟೆಂಪೋ ರನ್ ಇದೆ, ತಪ್ಪಿಸೋ ಹಾಗಿಲ್ಲ" ಅಂದ. ಸರಿ ಅಂತ ಮೂರೇ ಜನ ಹೋದ್ವಿ.

ಎರಡು ಕಿಲೋಮೀಟರಿನ ಒಂದು ಸುತ್ತು, ಅಂಥವು ಐದು. ರಾಗಿ ಕೊಯ್ದ ಹೊಲ, ನೀಲಗಿರಿ ತೋಪು, ಕೆರೆ ಏರಿ, ಏರಿಯಿಂದ ಜಾರೋ ಇಳಿಜಾರು, ಕೆಳಗೆ ಮೊಣಕಾಲು ಮಟ್ಟದ ಒಂದು ಹಳ್ಳ. ಸುಣ್ಣದ ಪುಡಿಯಲ್ಲಿ ದಾರಿ ಗುರುತು ಹಾಕಿದ್ರು. ವಿಷಲ್ ಊದಿದ ತಕ್ಷಣ ಹುಡುಗರು ಬಿಟ್ಟ ಬಾಣದ ಥರ ಹೋದ್ರು. ನಾನು ಅಭ್ಯಾಸದ ಹಾಗೆ ವಾಚ್ ನೋಡ್ಕೊಂಡೆ. ಮೊದಲ ಕಿಲೋಮೀಟರು ನನ್ನ ಲೆಕ್ಕಕ್ಕಿಂತ ಎಷ್ಟೋ ನಿಧಾನ. ಉಸಿರು ಮಾತ್ರ ಆಗಲೇ ಗಂಟಲಿಗೆ ಬಂದಿತ್ತು. ಬದಿಯಲ್ಲಿ ನಿಂತಿದ್ದ ಮೇಷ್ಟ್ರೊಬ್ಬರು ಕೂಗಿದ್ರು: "ಗಡಿಯಾರ ನೋಡಿದ್ರೆ ಏನು ಬರತ್ರೀ, ಮುಂದಿರೋನ್ನ ಹಿಡೀರಿ!"

ಗೆದ್ದ ಹುಡುಗ ನನ್ನನ್ನ ಎರಡು ಸಲ ಸುತ್ತು ಹಾಕಿ ದಾಟಿಹೋದ. ಬರಿಗಾಲಲ್ಲಿ. ನನ್ನ ಕಾಲಲ್ಲಿದ್ದಿದ್ದು 14 ಸಾವಿರದ ಶೂ.

ಕೊನೇ ಸುತ್ತಿನಲ್ಲಿ ನನ್ನ ಮುಂದೆ ಉಳಿದಿದ್ದು ಒಬ್ಬರೇ, ಐವತ್ತು ದಾಟಿದ ಹೈಸ್ಕೂಲ್ ಮೇಷ್ಟ್ರು. ಏರಿ ಮೇಲೆ ಹಿಡಿದೆ. ಇಳಿಜಾರಿನಲ್ಲಿ ಅವರು ಕುರಿಮರಿ ಥರ ನೆಗೆದು ಮತ್ತೆ ಮುಂದೆ ಹೋದ್ರು. ಹಳ್ಳದಲ್ಲಿ ಮತ್ತೆ ಹಿಡಿದೆ. ಕೊನೆಯ ನೂರು ಮೀಟರು ಇಬ್ಬರೂ ಕಣ್ಣು ಕತ್ತಲೆ ಬರೋ ಹಾಗೆ ಓಡಿದ್ವಿ. ಎರಡು ಹೆಜ್ಜೆಯಲ್ಲಿ ಅವರು ಗೆದ್ರು. ಓಟ ಮುಗಿಸಿದ 38 ಜನರಲ್ಲಿ ನಾನು 38ನೆಯವನು.

ಗಮ್ಮತ್ತು ಇರೋದು ಇಲ್ಲೇ. ಕ್ರಾಸ್ ಕಂಟ್ರಿಯಲ್ಲಿ ತಂಡದ ಲೆಕ್ಕ ಇರತ್ತೆ. ಎಷ್ಟನೆಯವರಾಗಿ ಬಂದ್ರೋ ಅಷ್ಟು ಅಂಕ. ಅಲ್ಲಿ ನಾಲ್ಕು ಜನರ ಅಂಕ ಕೂಡಿಸ್ತಿದ್ರು, ಕಡಿಮೆ ಬಂದ ತಂಡ ಗೆಲ್ಲತ್ತೆ. ಮೇಷ್ಟ್ರುಗಳ ತಂಡಕ್ಕೆ ಮೂರನೇ ಬಹುಮಾನ ಬಂತು, ಒಂದೇ ಒಂದು ಅಂಕದ ಅಂತರದಲ್ಲಿ. ಅಂದ್ರೆ ಮೂವತ್ತೇಳನೇ ಜಾಗಕ್ಕೆ ನಾವಿಬ್ಬರು ಸತ್ತು ಓಡಿದ್ದರಿಂದ ಒಂದು ತಂಡದ ಬಹುಮಾನ ನಿರ್ಧಾರ ಆಯ್ತು. ನನ್ನ ಹನ್ನೊಂದು ಮೆಡಲ್‌ಗಳಲ್ಲಿ ಯಾವ ರೇಸಲ್ಲೂ ನಾನು ಮುಂದೆ ಬಂದ್ರೂ ಹಿಂದೆ ಬಂದ್ರೂ ಯಾರಿಗೂ ಏನೂ ಆಗಿರಲಿಲ್ಲ.

ಮತ್ತೆ ನಮ್ಮ ತಂಡ? ನಮ್ಮ ತಂಡ ಅಂತಾನೇ ಇರಲಿಲ್ಲ. ನಾಲ್ಕು ಜನ ಬೇಕಿತ್ತು, ನಾವು ಮೂವರಿದ್ವಿ. ನಾಲ್ಕನೆಯವನು ಅದೇ ಹೊತ್ತಿಗೆ ಬೆಂಗಳೂರಲ್ಲಿ ಒಬ್ಬನೇ ಟೆಂಪೋ ರನ್ ಮುಗಿಸಿ ಫೋಟೋ ಹಾಕಿದ್ದ.

ನನ್ನ ಜಗಳ ಇರೋದು ಈ ನಾಲ್ಕನೆಯವನ ಜೊತೆ. ಯಾಕಂದ್ರೆ ಬೆಂಗಳೂರಿನ ಓಟಗಾರರಲ್ಲಿ ನೂರಕ್ಕೆ ತೊಂಬತ್ತು ಜನ ನಾಲ್ಕನೆಯವರೇ. ನಾನೂ ಮೊನ್ನೆವರೆಗೆ ಅವನೇ ಆಗಿದ್ದೆ.

ಅವರ ಮೊದಲ ವಾದ, "ಟೈಮ್ ಬರಲ್ಲ". ಹೌದು ಸ್ವಾಮಿ, ಬರಲ್ಲ! ಕ್ರಾಸ್ ಕಂಟ್ರಿಗೆ ವಿಶ್ವದಾಖಲೆ ಅನ್ನೋದೇ ಇಲ್ಲ. ಒಂದು ಊರಿನ ಕೆಸರಿಗೂ ಇನ್ನೊಂದು ಊರಿನ ದಿಬ್ಬಕ್ಕೂ ಹೋಲಿಕೆ ಮಾಡೋದು ಹೇಗೆ? ಇಥಿಯೋಪಿಯಾದ ಕೆನೆನಿಸಾ ಬೆಕೆಲೆ 2002ರಿಂದ 2006ರವರೆಗೆ ಸತತ ಐದು ವರ್ಷ ವಿಶ್ವ ಕ್ರಾಸ್ ಕಂಟ್ರಿಯ ಸಣ್ಣ ಓಟ, ದೊಡ್ಡ ಓಟ ಎರಡನ್ನೂ ಗೆದ್ದ. ಅವನು ಅಲ್ಲಿ ಎಷ್ಟು ನಿಮಿಷದಲ್ಲಿ ಓಡಿದ ಅಂತ ಯಾರಾದ್ರೂ ನೆನಪಿಟ್ಕೊಂಡಿದಾರಾ? ಎಲ್ಲರಿಗೂ ಗೊತ್ತಿರೋದು ಅವನು ಗೆದ್ದ ಅಂತ. ನಾವು ಓಟವನ್ನ ಒಂದು ಸಂಖ್ಯೆ ಮಾಡಿಬಿಟ್ಟಿದೀವಿ. ಆಫೀಸಲ್ಲಿ ಅಪ್ರೈಸಲ್ ರೇಟಿಂಗ್, ಭಾನುವಾರ ಪೇಸ್. ವಾರವೆಲ್ಲ ಡ್ಯಾಶ್‌ಬೋರ್ಡ್ ನೋಡೋ ನಮಗೆ ವಾರಕ್ಕೊಂದು ದಿನ ಅದಿಲ್ಲದೆ ಇರೋಕೆ ಆಗಲ್ವಾ?

ಎರಡನೇ ವಾದ, "ಅದು ಅಥ್ಲೀಟುಗಳಿಗೆ, ನಮಗಲ್ಲ". ಇದಂತೂ ಶುದ್ಧ ಸುಳ್ಳು. ಇಂಗ್ಲೆಂಡಿನ ಅತಿ ಹಳೆಯ ಕ್ರಾಸ್ ಕಂಟ್ರಿ ಕ್ಲಬ್ 'ಥೇಮ್ಸ್ ಹೇರ್ ಅಂಡ್ ಹೌಂಡ್ಸ್' ಶುರುವಾಗಿದ್ದು 1868ರಲ್ಲಿ. ಶುರು ಮಾಡಿದವರು ದೋಣಿ ಸ್ಪರ್ಧೆಯ ಹವ್ಯಾಸಿಗಳು, ಚಳಿಗಾಲದಲ್ಲಿ ಮೈ ಜಡ್ಡುಗಟ್ಟದೇ ಇರಲಿ ಅಂತ. ಅಂದ್ರೆ ಈ ಆಟ ಹುಟ್ಟಿದ್ದೇ ನಮ್ಮಂಥೋರಿಂದ. ಇವತ್ತಿಗೂ ಇಂಗ್ಲೆಂಡಿನ ರಾಷ್ಟ್ರೀಯ ಕ್ರಾಸ್ ಕಂಟ್ರಿಗೆ ಅರ್ಹತಾ ಸಮಯ ಅಂತ ಇಲ್ಲ, ಕ್ಲಬ್ಬಿನ ಸದಸ್ಯರಾಗಿದ್ರೆ ಓಡಬಹುದು. ಲಂಡನ್ನಿನ ಪಾರ್ಲಿಮೆಂಟ್ ಹಿಲ್‌ನಲ್ಲಿ ನಡೆದಾಗ ಸಾವಿರಾರು ಜನ ಒಟ್ಟಿಗೆ ದಿಬ್ಬ ಹತ್ತುತ್ತಾರೆ, ಒಲಿಂಪಿಕ್ಸಿಗೆ ಹೋಗೋನೂ ಅಲ್ಲೇ, ಬ್ಯಾಂಕ್ ಗುಮಾಸ್ತನೂ ಅಲ್ಲೇ. 2019ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ದಾರಿ ಒಂದು ಮ್ಯೂಸಿಯಮ್ಮಿನ ಹುಲ್ಲು ಬೆಳೆದ ಇಳಿಜಾರು ಛಾವಣಿ ಮೇಲೇ ಹೋಗಿತ್ತು. ಅಲ್ಲಿ ಹವ್ಯಾಸಿಗಳಿಗೂ ಅದೇ ದಿನ ಓಟಗಳಿದ್ವು. ಅವರಿಗೆ ಆಗೋದು ನಮಗ್ಯಾಕೆ ಆಗಲ್ಲ?

ಮೂರನೇ ವಾದ ಗಾಯದ್ದು. ಇದನ್ನ ನಾನು ತಳ್ಳಿಹಾಕಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸಿನ ಕ್ರಾಸ್ ಕಂಟ್ರಿಯಲ್ಲಿ ಬಿಸಿಲಿಗೆ ಸಿಕ್ಕಿ, ಓಡಿದ 38 ಜನರಲ್ಲಿ 15 ಜನ ಮಾತ್ರ ಗುರಿ ಮುಟ್ಟಿದ್ರು. ಪಾವೋ ನೂರ್ಮಿ ಗೆದ್ದ, ಹಲವರು ದಾರಿಯಲ್ಲಿ ಕುಸಿದ್ರು. ಅದಾದ ಮೇಲೆ ಒಲಿಂಪಿಕ್ಸಿನಲ್ಲಿ ಈ ಓಟವೇ ಇಲ್ಲ. ಆದ್ರೆ ಅದು ಸುಡುಬಿಸಿಲಲ್ಲಿ ಓಡಿಸಿದವರ ತಪ್ಪು, ಹುಲ್ಲಿನ ತಪ್ಪಲ್ಲ. ನಮ್ಮಲ್ಲಿ ಮೂರು ತಿಂಗಳ ತಯಾರಿಯಲ್ಲಿ 42 ಕಿಲೋಮೀಟರ್ ಕಾಂಕ್ರೀಟ್ ರಸ್ತೆ ಮೇಲೆ ಓಡಿ ಮಂಡಿ ಹಿಡ್ಕೊಂಡು ಫಿಸಿಯೋ ಹತ್ರ ಕೂರೋರು ಎಷ್ಟು ಜನ ಇಲ್ಲ? ಅವರಿಗೆ ಮಣ್ಣಿನ ಮೇಲೆ 6 ಕಿಲೋಮೀಟರ್ ಅಂದ್ರೆ ಭಯ! ಪಾದ ಉಳುಕಬಹುದು, ನಿಜ. ಅದಕ್ಕೇ ವಾರಕ್ಕೊಂದು ದಿನ ಮಣ್ಣಿನ ಮೇಲೆ ಓಡಿ ಅಭ್ಯಾಸ ಮಾಡ್ಕೋಬೇಕು. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತನ್ನ ಹುಡುಗರನ್ನ ಬೆಟ್ಟದ ದಾರಿಯಲ್ಲಿ ಓಡಿಸಿ ಓಡಿಸಿ ತಯಾರು ಮಾಡಿದ. ಅವರಲ್ಲಿ ಇಬ್ಬರು, ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್, 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ 800 ಮೀಟರ್, 5000 ಮೀಟರ್ ಚಿನ್ನ ಗೆದ್ದರು. ಟ್ರ್ಯಾಕಿನಲ್ಲಿ ಗೆಲ್ಲೋಕೂ ದಿಬ್ಬ ಬೇಕಾಯ್ತು.

"ನಾವು ಟ್ರೈಲ್ ಓಡ್ತೀವಲ್ಲ" ಅನ್ನೋರಿದಾರೆ. ನಾನೂ ಶ್ರೀರಂಗಪಟ್ಟಣದ ಕಡೆ ಕಾವೇರಿ ಟ್ರೈಲ್ ಓಡಿದೀನಿ, ಕಾಲುವೆ ಏರಿ ಮೇಲಿನ ಆ ಗಾಳಿ ಇನ್ನೂ ನೆನಪಿದೆ. ಆದ್ರೆ ಎರಡೂ ಒಂದೇ ಅಲ್ಲ. ಟ್ರೈಲಿನಲ್ಲಿ ನೀವು ನಿಮ್ಮ ಪಾಡಿಗೆ, ಫೋಟೋ ತೆಗೀತಾ, ಕಿತ್ತಳೆ ತಿಂತಾ ಹೋಗಬಹುದು. ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡ್ತಾರೆ, ಸುತ್ತು ಸಣ್ಣದು, ನೀವು ಎಷ್ಟನೆಯವರು ಅಂತ ಊರಿಗೇ ಕಾಣತ್ತೆ. ನಮ್ಮ ನಿಜವಾದ ಭಯ ಇದೇ. ಗಾಯದ್ದೂ ಅಲ್ಲ, ಕೆಸರಿನದ್ದೂ ಅಲ್ಲ. ಮೂವತ್ತು ಸಾವಿರದ ವಾಚ್ ಕಟ್ಕೊಂಡು, ಬರಿಗಾಲ ಹುಡುಗರ ಮುಂದೆ ಕೊನೆಯವರಾಗಿ ಬರೋದು ನಮಗೆ ಅವಮಾನ. ಮೆಡಲ್ ಕೊಡೋ ರೇಸಲ್ಲಿ ಎಲ್ಲರೂ ಗೆದ್ದವರೇ, ಹಾಗಾಗಿ ಅಲ್ಲಿ ಹಾಯಾಗಿದೆ.

ಇನ್ನು ಸಂಘಟಕರಿಗೂ ಎರಡು ಮಾತು. ಕಾಲೇಜಲ್ಲಿದ್ದಾಗ ಒಂದು ಗುಡ್ಡಗಾಡು ಓಟ ನೋಡೋಕೆ ಹೋಗಿದ್ದೆ. ಗುಡ್ಡವೂ ಇರಲಿಲ್ಲ, ಕಾಡೂ ಇರಲಿಲ್ಲ. ಊರ ಹೊರಗಿನ ಟಾರ್ ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ವಾಪಸ್. ಕಾಡಿನ ಕಕಾರಕ್ಕೆ ಗಕಾರ ಬಂದು ಗುಡ್ಡಗಾಡು ಆಗೋದು ಆದೇಶ ಸಂಧಿ ಅಂತ ಹೈಸ್ಕೂಲಲ್ಲಿ ಓದಿದ್ವಿ. ಇಲ್ಲಿ ಇಡೀ ಗುಡ್ಡಕ್ಕೇ ಟಾರು ಆದೇಶ ಆಗಿತ್ತು! ವಿಶ್ವ ಅಥ್ಲೆಟಿಕ್ಸ್ ನಿಯಮ ಸ್ಪಷ್ಟವಾಗಿದೆ: ದಾರಿ ಬಯಲಲ್ಲಿ ಅಥವಾ ಮರಗಳ ನಡುವೆ ಇರಬೇಕು, ಆದಷ್ಟೂ ಹುಲ್ಲಿರಬೇಕು, ಸಹಜವಾದ ಅಡೆತಡೆ ಇರಬೇಕು, ಟಾರ್ ರಸ್ತೆ ದಾಟೋದನ್ನ ತಪ್ಪಿಸಬೇಕು, ಆಗದಿದ್ರೆ ಅದರ ಮೇಲೆ ಹುಲ್ಲೋ ಮಣ್ಣೋ ಚಾಪೆಯೋ ಹಾಸಬೇಕು. ಹುಡುಗರನ್ನ ಟಾರಿನ ಮೇಲೆ ಓಡಿಸಿ ಕ್ರಾಸ್ ಕಂಟ್ರಿ ಅಂತ ಸರ್ಟಿಫಿಕೇಟ್ ಕೊಡೋದು ಆ ಹುಡುಗರಿಗೆ ಮಾಡೋ ಮೋಸ.

ಮತ್ತೆ ಇವೆಂಟ್ ಕಂಪನಿಗಳೇ, ದಯವಿಟ್ಟು ನೀವು ಈ ಕಡೆ ಬರಬೇಡಿ. ನೀವು ಬಂದ್ರೆ ಟ್ಯಾಂಕರ್ ನೀರು ಸುರಿದು ಕೆಸರು ಮಾಡಿ, ಡಿಜೆ ಹಾಕಿ, 2,500 ರೂಪಾಯಿ ಟಿಕೆಟ್ ಇಡ್ತೀರಿ.

ನನಗೆ ಇದು ಬರೀ ಮೋಜಿನ ವಿಷಯ ಅಲ್ಲ. ಅವತ್ತು ಓಟ ಮುಗಿದ ಮೇಲೆ ಗೆದ್ದ ಹುಡುಗನ ಪಕ್ಕ ಕೂತು ಉಪ್ಪಿಟ್ಟು ತಿಂದೆ. ಅವನಿಗೆ ಬಂದ ಬಹುಮಾನ 1,500 ರೂಪಾಯಿ. "ಮುಂದೇನಪ್ಪಾ?" ಅಂದೆ. "ಆರ್ಮಿ ರ‍್ಯಾಲಿಗೆ ಹೋಗ್ತೀನಿ ಅಣ್ಣಾ, ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಓಟ ಬಿಡ್ತೀನಿ" ಅಂದ. ನಾನು ಓಟದ ಹೆಸರಲ್ಲಿ ಒಂದು ವರ್ಷಕ್ಕೆ ಮಾಡೋ ಖರ್ಚನ್ನ ಮನಸ್ಸಲ್ಲೇ ಕೂಡಿಸಿದೆ. ಇಲ್ಲಿ ಬರೆಯೋಕೆ ನಾಚಿಕೆ ಆಗತ್ತೆ. ಅದರಲ್ಲಿ ಒಂದು ಪೈಸೆಯೂ ಇಂಥ ಹುಡುಗನ ಹತ್ತಿರ ಸುಳಿದಿರಲಿಲ್ಲ. ನಮ್ಮಂಥ ನೂರು ಜನ ತಲಾ 300 ಕೊಟ್ಟು ಅವತ್ತು ಅಲ್ಲಿ ಓಡಿದ್ರೆ, 30 ಸಾವಿರ ಆಗ್ತಿತ್ತು. ಆ ಊರಿನ ಬಹುಮಾನದ ಲೆಕ್ಕವೇ ಬದಲಾಗ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ಎಷ್ಟು ದೊಡ್ಡ ಓಟಗಾರ ಅನ್ನೋದು ನಮಗೆ ಮೈಗೆ ತಟ್ಟಿ ಗೊತ್ತಾಗ್ತಿತ್ತು.

ಇನ್ನೊಂದು ವಿಷಯ ನೆಲದ್ದು. ನನ್ನ ಮನೆ ಹತ್ತಿರದ ಕೆರೆ ಏರಿ ಮೇಲೆ ಮಣ್ಣಿನ ದಾರಿ ಇತ್ತು. ಅಭಿವೃದ್ಧಿ ಅಂತ ಹೇಳಿ ಇಂಟರ್‌ಲಾಕ್ ಟೈಲ್ಸ್ ಹಾಕಿದ್ರು. ನಾವು ಯಾರೂ ತುಟಿ ಬಿಚ್ಚಲಿಲ್ಲ, ಸಮತಟ್ಟಾಯ್ತು ಅಂತ ಖುಷಿಪಟ್ವಿ. ಮಣ್ಣಿನ ಮೇಲೆ ಓಡೋರು ಇದ್ರೆ ತಾನೇ ಮಣ್ಣು ಉಳಿಸಿ ಅಂತ ಕೇಳೋರು ಇರೋದು?

ಮಾಡೋದೇನೂ ಕಷ್ಟ ಇಲ್ಲ. ರಾಗಿ ಕೊಯ್ಲಾದ ಮೇಲೆ ಖಾಲಿ ಹೊಲ ಇರತ್ತೆ, ರೈತರಿಗೆ ಬಾಡಿಗೆ ಕೊಟ್ಟು ಒಪ್ಪಿಸಿ. ಒಂದು ಚೀಲ ಸುಣ್ಣ, ಒಂದು ವಿಷಲ್, ಒಂದು ಆಂಬ್ಯುಲೆನ್ಸ್, ಬಾಳೆಹಣ್ಣು, ಪಾನಕ. ಬೆಳಿಗ್ಗೆ ಏಳಕ್ಕೆ ಶುರು, ಬಿಸಿಲೇರೋ ಮೊದಲು ಮುಗಿಸಿ. ಅಥ್ಲೀಟುಗಳಿಗೆ ಅಡ್ಡ ಆಗ್ತೀವಿ ಅನ್ನೋದಾದ್ರೆ, ಅದೇ ದಾರಿಯಲ್ಲಿ ಅವರದ್ದು ಮುಗಿದ ಮೇಲೆ ನಮ್ಮದು ಇಡಿ. ನಾನೇ ಅವತ್ತು ಎರಡು ಸಲ ಆ ಹುಡುಗನಿಗೆ ಅಡ್ಡ ಬಂದಿದ್ದೆ, ಒಪ್ಕೋತೀನಿ. ಮೆಡಲ್ ಬೇಡ. ನಾಲ್ಕು ಜನರ ತಂಡ ಮಾತ್ರ ಇರಲಿ.

ಈ ಡಿಸೆಂಬರಲ್ಲೂ ಅಲ್ಲಿಗೇ ಹೋಗ್ತಿದೀವಿ. ಆ ಮೇಷ್ಟ್ರ ಜೊತೆ ನನ್ನದೊಂದು ಹಳೇ ಲೆಕ್ಕ ಬಾಕಿ ಇದೆ. ಮೂರು ಜನ ಸಿದ್ಧ. ಪೇಸ್ ಎಷ್ಟು ಅಂತ ನಾನು ಕೇಳಲ್ಲ, ನೀವೂ ಹೇಳಬೇಡಿ.

ನಾಲ್ಕನೆಯವರು ಯಾರು ಬರ್ತೀರಿ?