ಮೀಟರ್ ದೂರದ ಪರೀಕ್ಷೆ, ಅಂಗುಲ ದೂರದ ಗದ್ದಲ

ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಜೋಡಿಸಿ ಫೈಲುಗಳನ್ನು ನಕಲು ಮಾಡುವಾಗ, ಪಕ್ಕದ ಪೋರ್ಟಿಗೆ ರಿಸೀವರ್ ಸಿಕ್ಕಿಸಿದ ವೈರ್‌ಲೆಸ್ ಮೌಸ್ ತಡವರಿಸುವುದುಂಟು. ನಕಲು ಮುಗಿದೊಡನೆ ಸರಿಹೋಗುತ್ತದೆ. ಎರಡೂ ಸಾಧನಗಳು ಕೆಟ್ಟಿರುವುದಿಲ್ಲ; ತೊಡಕಿರುವುದು ಅವುಗಳ ನೆರೆಹೊರೆಯಲ್ಲಿ. ಇಂಟೆಲ್ 2012ರಲ್ಲಿ ಪ್ರಕಟಿಸಿದ ವರದಿ ಇದರ ಕಾರಣವನ್ನು ವಿವರಿಸಿತು. ಯುಎಸ್‌ಬಿ 3.0 ಸೆಕೆಂಡಿಗೆ 500 ಕೋಟಿ ಬಿಟ್‌ಗಳ ವೇಗದಲ್ಲಿ ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಹರಡುತ್ತದೆ. ಇಂಥ ಮೌಸ್‌ಗಳು, ಬ್ಲೂಟೂತ್, ವೈ-ಫೈ ಬಳಸುವುದೂ ಅದೇ ಆವರ್ತನ ಪಟ್ಟಿಯನ್ನು.

ತಂತಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿದರೆ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಅದು ಪಕ್ಕದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಇಲ್ಲಿ ಮುಖ್ಯವಾದದ್ದು ವಿದ್ಯುತ್ತಿನ ಪ್ರಮಾಣವಷ್ಟೇ ಅಲ್ಲ, ಅದು ಬದಲಾಗುವ ವೇಗ. ಸೊನ್ನೆಯಿಂದ ಒಂದಕ್ಕೆ ಕ್ಷಣಾರ್ಧಕ್ಕಿಂತ ಎಷ್ಟೋ ಬೇಗ ಜಿಗಿಯುವ ಡಿಜಿಟಲ್ ಸಂಕೇತ ಸಣ್ಣದಾದರೂ ಗದ್ದಲ ಎಬ್ಬಿಸುತ್ತದೆ.

ಹೋದ ವಿದ್ಯುತ್ ಮರಳಿ ಬರಲೇಬೇಕು. ಹೋಗುವ ದಾರಿ ಮತ್ತು ಬರುವ ದಾರಿ ಸೇರಿ ಒಂದು ಸುತ್ತು ಆಗುತ್ತದೆ. ಸುತ್ತು ಅಗಲವಾದಷ್ಟೂ ಅದು ಆಂಟೆನಾದಂತೆ ಗದ್ದಲವನ್ನು ಬೀರುತ್ತದೆ, ಹೊರಗಿನದನ್ನು ಹೀರುತ್ತದೆ. ಅದಕ್ಕೇ ಸರ್ಕ್ಯೂಟ್ ಬೋರ್ಡಿನ ಒಳಪದರವೊಂದನ್ನು ಇಡಿಯಾಗಿ ತಾಮ್ರದ ಹಾಳೆಯಾಗಿ ಬಿಡುತ್ತಾರೆ, ಇದೇ ‘ಗ್ರೌಂಡ್’. ವೇಗದ ಸಂಕೇತ ತನ್ನ ಗೆರೆಯ ನೇರ ಕೆಳಗೇ ಮರಳುವುದರಿಂದ ಸುತ್ತು ಕಿರಿದಾಗುತ್ತದೆ. ಆ ಹಾಳೆಯಲ್ಲಿ ಸೀಳು ಬಿದ್ದರೆ ಸಂಕೇತ ಬಳಸಿ ಬರಬೇಕು, ಸುತ್ತು ಹಿಗ್ಗುತ್ತದೆ. ಚಿಪ್‌ನ ಕಾಲಿಗೆ ಅಂಟಿಕೊಂಡಂತೆ ಕೂರಿಸುವ ಪುಟ್ಟ ಕೆಪಾಸಿಟರ್‌ನ ಉದ್ದೇಶವೂ ಸುತ್ತನ್ನು ಕಿರಿದಾಗಿಡುವುದೇ. ಪ್ರತಿಸಲ ಬಾವಿಗೆ ಓಡದಂತೆ ಅಡುಗೆಮನೆಯಲ್ಲಿಟ್ಟ ಕೊಡದ ಹಾಗೆ, ಅದು ಚಿಪ್‌ಗೆ ಥಟ್ಟನೆ ಬೇಕಾದ ವಿದ್ಯುತ್ತನ್ನು ಹತ್ತಿರದಲ್ಲೇ ಒದಗಿಸುತ್ತದೆ. ಇಷ್ಟಾದರೂ ಉಳಿಯುವ ಗದ್ದಲಕ್ಕೆ ಲೋಹದ ಮುಚ್ಚಳ ಹಾಕುತ್ತಾರೆ.

ಇದಕ್ಕೆ ನಿಯಮಗಳಿಲ್ಲವೆಂದಲ್ಲ. ಸಿಐಎಸ್‌ಪಿಆರ್ 32 ಎಂಬ ಅಂತರರಾಷ್ಟ್ರೀಯ ಮಾನದಂಡ ಉಪಕರಣ ಬೀರುವ ಗದ್ದಲಕ್ಕೆ ಮಿತಿ ಹಾಕಿದೆ. ಆದರೆ ಅಳೆಯುವುದು ಸಾಮಾನ್ಯವಾಗಿ 3 ಅಥವಾ 10 ಮೀಟರ್ ದೂರದಿಂದ. ಪಕ್ಕದ ಮನೆಯ ರೇಡಿಯೊಗೆ ತೊಂದರೆಯಾಗಬಾರದೆಂಬ ಕಾಳಜಿ ಅದರದು. ಒಂದಂಗುಲ ದೂರದ ರಿಸೀವರಿನ ಪಾಡನ್ನು ಅದು ಕೇಳುವುದಿಲ್ಲ.

ಹಾಗಾಗಿ ಪ್ರಮಾಣಪತ್ರವನ್ನೇ ಕೊನೆಯ ಮಾತೆಂದು ತಯಾರಕರು ಭಾವಿಸುವುದು ಸರಿಯಲ್ಲವೆನಿಸುತ್ತದೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ದುಡಿಸಿ ನೋಡುವ ಪರೀಕ್ಷೆ ವಿನ್ಯಾಸದ ಹಂತದಲ್ಲೇ ನಡೆಯಬೇಕು. ಬಿಡಿಭಾಗದ ಜಾಗ ಬದಲಿಸುವುದು ನಕ್ಷೆಯಲ್ಲಿ ಸುಲಭ. ಮಾರಾಟವಾದ ಮೇಲೆ ಉಳಿಯುವ ಉಪಾಯ, ಗ್ರಾಹಕರೇ ಎಕ್ಸ್‌ಟೆನ್ಶನ್ ಕೇಬಲ್ ಕೊಂಡು ರಿಸೀವರನ್ನು ದೂರ ಸರಿಸುವುದು.